ದಸರೆಗೆ ಕೊಟ್ಟ ಸೊಟ್ಟ ಸ್ಕ್ರೂಡ್ರೈವರ್

ಅದನ್ನು ಆರಿಸಿದ್ದು ನಾನೇ. ಸಿಕಂದರಾಬಾದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಸರಿಯಾದದ್ದನ್ನು ಬದಿಗಿಟ್ಟು, ಕೆಟ್ಟದ್ದನ್ನು ಕಟ್ಟಿಸಿಕೊಂಡೆ. ಯಾರ ಕೈಗೆ ಹೋಗುತ್ತದೆಂದು ಗೊತ್ತಿದ್ದೇ ಕಟ್ಟಿಸಿಕೊಂಡೆ.

ಆಗ ನಾನು ಫ್ರಿಜ್ ರಿಪೇರಿ ಅಂಗಡಿಯೊಂದರಲ್ಲಿ ಹಿರಿಯ ಮೇಸ್ತ್ರಿ. ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸದಲ್ಲಿ ಬೆನ್ನು ಸವೆಸಿದ್ದ ನನ್ನ ಹೆಂಡತಿಯ ತಮ್ಮನನ್ನು ನಾನೇ ಅಲ್ಲಿಗೆ ಸೇರಿಸಿದ್ದೆ. ನಲವತ್ತು ದಾಟಿದವನಾದರೂ ಕೆಲಸ ಬೇಗ ಹಿಡಿದ. ಮೋಟಾರಿನ ಸದ್ದು ಕೇಳಿ ದೋಷ ಹೇಳಲು ಮಾಲೀಕರು ನನ್ನನ್ನು ಬಿಟ್ಟು ಅವನನ್ನು ಕರೆಯತೊಡಗಿದರು. ದಸರೆ ಮುಗಿದ ಮೇಲೆ ಅವನನ್ನು ಖಾಯಂ ಮಾಡುವ ಮಾತಾಯಿತು. ಊರಲ್ಲಿದ್ದ ಹೆಂಡತಿ, ಮಗಳನ್ನು ಕರೆತರಲು ಅವನು ಬಾಡಿಗೆ ಕೋಣೆಯನ್ನೂ ನೋಡಿಟ್ಟ.

ನಮ್ಮಲ್ಲೊಂದು ಪದ್ಧತಿ. ಆಯುಧಪೂಜೆಗೆ ಹಿರಿಯ ಮೇಸ್ತ್ರಿ ಕೆಲಸದ ಹೊಸ ಹತ್ಯಾರ ತಂದು, ಕುಂಕುಮ ಹಚ್ಚಿ ಒಬ್ಬೊಬ್ಬರ ಕೈಗೆ ಕೊಡಬೇಕು. ಅದಕ್ಕೆ ಯಾರೂ ಕೊಂಕು ಹೇಳುವಂತಿಲ್ಲ, ಮುಂದಿನ ದಸರೆಯವರೆಗೆ ಬದಲಿಸುವಂತಿಲ್ಲ.

ಡೀಪ್ ಫ್ರೀಜರಿನ ಹಿಂದೆ ಫ್ಯಾನಿನ ಸ್ಕ್ರೂಗಳಿರುವಲ್ಲಿ ನೇರ ಸ್ಕ್ರೂಡ್ರೈವರ್ ಹಿಡಿಸುವುದಿಲ್ಲ. ಎರಡೂ ತುದಿ ಬಾಗಿದ ಸೊಟ್ಟದ್ದೇ ಬೇಕು. ತುದಿ ಸ್ಕ್ರೂ ತಲೆಯ ಸೀಳನ್ನು ತುಂಬಿ ಕೂರಬೇಕು. ತೆಳುವಾದರೆ ಜಾರಿ ತಲೆಯನ್ನೇ ತಿನ್ನುತ್ತದೆ. ಬಾಗು ಗಿಡ್ಡವಿರಬೇಕು, ಹಿಡಿ ಉದ್ದವಿರಬೇಕು. ಒಂದು ತುದಿ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ ಇದ್ದರೆ ತಿರುಗಿಸಲು ಜಾಗ ಮುಗಿದಾಗ ಹೊರಳಿಸಿ ಮುಂದುವರಿಸಬಹುದು. ಇದನ್ನೆಲ್ಲ ಬೇರೆಯವರಿಗೆ ಹೇಳಿಕೊಟ್ಟಿದ್ದ ನಾನು ಅವನಿಗೆ ಹೇಳಲಿಲ್ಲ. ತೆಳು ತುದಿಯ, ಮೆತ್ತನೆ ಕಬ್ಬಿಣದ್ದನ್ನು ಕೊಟ್ಟೆ. ಅವನು ಕಣ್ಣಿಗೊತ್ತಿಕೊಂಡು ನನ್ನ ಕಾಲಿಗೂ ಬಿದ್ದ.

ಮರುವಾರ ಬೇಗಂಪೇಟೆಯ ಹೋಟೆಲೊಂದರ ಅಡುಗೆಮನೆಗೆ ಹೋದೆವು. ನಮ್ಮ ಮಾಲೀಕರೂ ಬಂದಿದ್ದರು. ಅವನು ಫ್ರೀಜರಿನ ಹಿಂದೆ ತೂರಿಕೊಂಡ. ನಾನು ಬ್ಯಾಟರಿ ಹಿಡಿದು ನಿಂತೆ. ನನ್ನ ಹಳೆಯ ಸೊಟ್ಟ ಸ್ಕ್ರೂಡ್ರೈವರ್ ಜೇಬಿನಲ್ಲೇ ಇತ್ತು. ಅವನದು ಜಾರುವ ಸದ್ದು ಕೇಳಿಸುತ್ತಿತ್ತು.

"ಭಾವಾ, ನಿಮ್ಮದು ಒಮ್ಮಿ ಕೊಡ್ರಿ. ಇದು ಹಿಡಿಯಾಕತ್ತಿಲ್ಲ."

"ಪೂಜಿ ಮಾಡಿ ಕೊಟ್ಟದ್ದು ಹಿಡಿಯಂಗಿಲ್ಲಂದ್ರ ನಿನ್ನ ಕೈ ನೋಡ್ಕೊ," ಎಂದೆ. "ಗಾರೆ ಕಲಸಿದ ಕೈ. ಇದಕ್ಕೇನು ಗೊತ್ತು ಸ್ಕ್ರೂ?"

ಮಾಲೀಕರಿಗೆ ಕನ್ನಡ ಬಾರದು. ಅವರಿಗೂ ತಿಳಿಯಲೆಂದು ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದೆ. ಅಡುಗೆಯವರು ನಕ್ಕರು. ಅವನು ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದ. ಕೈ ಜಾರಿ ಬೆರಳು ಕೊಯ್ದಿತು, ತುದಿ ತಾಮ್ರದ ಸಣ್ಣ ಪೈಪಿಗೆ ಚುಚ್ಚಿತು. ಫ್ರೀಜರನ್ನು ತಂಪಾಗಿಸುವ ಗ್ಯಾಸೆಲ್ಲ ಬುಸ್ಸೆಂದು ಹೋಯಿತು.

ಹತ್ಯಾರ ಸರಿಯಿದೆಯೇ ಎಂದು ಮಾಲೀಕರು ನನ್ನನ್ನೇ ಕೇಳಿದರು. ಈಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ಸರಿಯಾಗೇ ಇದೆ ಎಂದೆ. ಬೆರಳಿನ ರಕ್ತ ಒರೆಸಿಕೊಳ್ಳುತ್ತ ಅವನೂ ತಲೆಯಾಡಿಸಿದ. ಮರುದಿನದಿಂದ ಬರಬೇಡವೆಂದು ಅವನಿಗೆ ಅಲ್ಲೇ ಹೇಳಿದರು.

ಹೊರಡುವಾಗ ಅವನು, "ನಿಮ್ಮ ಮಾನ ಕಳದೆ ಭಾವಾ," ಎಂದ. ನಾನು "ಖರೆ" ಎಂದೆ. ಅಷ್ಟನ್ನಾದರೂ ಹೇಳದೆ ಇರಬಹುದಿತ್ತು. ಅವನು ಮತ್ತೆ ಗಾರೆ ಕೆಲಸಕ್ಕೆ ಹೋದ. ಕೋಣೆ ಬೇರೆಯವರಿಗೆ ಹೋಯಿತು. ಹೆಂಡತಿ, ಮಗಳು ಊರಲ್ಲೇ ಉಳಿದರು.

ಹೋದ ವರ್ಷ ಊರಲ್ಲಿ ಅವನ ಮನೆಗೆ ಹೋಗಿದ್ದೆ. ಕಪಾಟಿನ ಬಾಗಿಲು ಜೋತಾಡುತ್ತಿತ್ತು. ಒಂದು ಸ್ಕ್ರೂ ಬಿಗಿದರೆ ಸಾಕಿತ್ತು. ತಿಂಗಳುಗಳಿಂದ ಹಾಗೇ ಇದೆ, ಅಪ್ಪ ಮುಟ್ಟುವುದಿಲ್ಲ ಎಂದಳು ಮಗಳು.

"ನನ್ನ ಕೈ ನಿಮಗ ಗೊತ್ತೇ ಐತಲ್ರಿ ಭಾವಾ," ಎಂದು ಅವನು ನಕ್ಕ.

ನಾನು ಎದ್ದು ಸ್ಕ್ರೂ ಬಿಗಿದೆ. ಅವನು ಮಗಳಿಗೆ, "ನೋಡವ್ವಾ, ಕೈ ಅಂದ್ರ ಅದು," ಎಂದ. ಮಗಳು ನನಗೆ ಚಹಾ ತಂದಳು. ಕುಡಿದು ಎದ್ದು ಬಂದೆ.