ನಾಗಾವೋಕಾದ ಬಾಣಬಿರುಸು

ಭಾನುವಾರ ಅಮೆರಿಕದ ಯೂಲೆಸ್‌ನ ನಮ್ಮ ಮನೆಯಲ್ಲಿ ಅಂಟು ಮುಗಿದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜಪಾನಿನ ನಾಗಾವೋಕಾ ಊರಿನ ಚರಿತ್ರೆಯ ಚಾರ್ಟನ್ನು ಮಗಳು ಮರುದಿನವೇ ಸ್ಕೂಲಿಗೆ ಕೊಡಬೇಕಿತ್ತು. ಅದೇ ಊರಿನವರಾದ ನನ್ನ ಸಹೋದ್ಯೋಗಿ ಸಾಟೋ ಅಂಟು ತಂದುಕೊಟ್ಟು ಚಾರ್ಟ್ ನೋಡಿದರು. ಬಾಣಬಿರುಸಿನ ಚಿತ್ರದ ಕೆಳಗೆ ನಾನು 'ಜಪಾನಿನ ದೀಪಾವಳಿ' ಎಂದು ಬರೆಸಿದ್ದೆ.

"ಇದು ದೀಪಾವಳಿ ಅಲ್ಲ," ಎಂದರು ಸಾಟೋ. "ಯುದ್ಧದಲ್ಲಿ ವಿಮಾನಗಳು ಬಾಂಬು ಹಾಕಿ ಊರನ್ನು ಸುಟ್ಟವು. ಸತ್ತವರ ನೆನಪಿಗೆ ಇದನ್ನು ಹಾರಿಸುತ್ತೇವೆ."

"ಯಾರ ವಿಮಾನ, ಅಂಕಲ್?" ಎಂದಳು ಮಗಳು.

ಸಾಟೋ ನನ್ನ ಮುಖ ನೋಡಿದರು.

"ಈ ದೇಶದ್ದೇ, ಆದ್ರೆ ಬರೀ ವಿಮಾನ ಅಂತ ಬರಿಯಮ್ಮ, ಮಾರ್ಕ್ಸ್ ಬೇಕಲ್ಲ," ಎಂದೆ ನಾನು.

"ಡ್ಯಾಡ್, ದಟ್ಸ್ ಚೀಟಿಂಗ್," ಎಂದವಳೇ 'ಅಮೆರಿಕದ ವಿಮಾನ' ಎಂದು ದಪ್ಪಕ್ಷರದಲ್ಲಿ ಬರೆದಳು.

ಬಿ ಪ್ಲಸ್ ಬಂತು. ಮಾರ್ಕ್ಸ್ ಹೋಗಿದ್ದು ವಿಮಾನಕ್ಕಲ್ಲ; ಕೊನೆಯಲ್ಲಿ ನಾನು ಅಂಟಿಸಿದ ಜಪಾನಿನ ನಕ್ಷೆ ತಲೆಕೆಳಗಾಗಿತ್ತಂತೆ.