ಹ್ಯಾಂಕ್‌ಗೂ ಮೌರೀನ್‌ಗೂ ಬೇರೆ ಬೇರೆ ಪಂಕ್ತಿ

ಬಂದೂಕು ಇಟ್ಟುಕೊಳ್ಳುವುದು ಮನುಷ್ಯನ ಹಕ್ಕು ಎಂದು ಒಬ್ಬ ಮಕ್ಕಳ ಡಾಕ್ಟರು ಹೇಳಿದ್ದನ್ನು ನಾನು ಕೇಳಿದ್ದು ಪರ್ತ್‌ಗೆ ಬಂದ ಹೊಸದರಲ್ಲಿ, ಅವರ ಮನೆಯ ಹಿತ್ತಲಲ್ಲಿ. ಆಗ ಅವರು ಇಕ್ಕಳದಿಂದ ಬದನೆಕಾಯಿ ಮಗುಚುತ್ತಿದ್ದರು. ಮಾಂಸ ತಿನ್ನದ ನಮಗೆಂದೇ ಅದನ್ನು ಕೆಂಡದ ಮೇಲೆ ಇಟ್ಟಿದ್ದರು. ಹೀಗೆ ಹಿತ್ತಲಲ್ಲಿ ಸುಟ್ಟು ಉಣ್ಣುವುದನ್ನು ಇಲ್ಲಿಯವರು ‘ಬಾರ್ಬಿ’ ಎನ್ನುತ್ತಾರೆ.

ಅವರು ಹ್ಯಾಂಕ್, ಅಮೆರಿಕದ ಟೆಕ್ಸಸ್‌ನವರು. ನಾನೂ ನನ್ನ ಗಂಡ ಶ್ರೀಧರರೂ ಅವರದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆವು. ಇಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ನನ್ನ ಬಾಯಿಗೆ ಮಾತ್ರ ‘ಡಾಕ್ಟರ್’ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಮ್ಮ ಮೈಸೂರಿನಲ್ಲಿ ಯಾರ ಮನೆಗೆ ಯಾವಾಗ ಹೋದರೂ ಒಂದು ಲೋಟ ಕಾಫಿ ಸಿಗುತ್ತದೆ. ಈ ಊರಿನಲ್ಲಿ ಫೋನ್ ಮಾಡದೆ ತಟ್ಟಬಹುದಾದ ಬಾಗಿಲು ನಮಗಿದ್ದದ್ದು ಹ್ಯಾಂಕ್ ಅವರದೊಂದೇ.

ಅಂದು ಅವರಿಗೆ ಎದುರು ನಿಂತವರು ವಾರ್ಡ್ ಸಿಸ್ಟರ್ ಮೌರೀನ್, ಫ್ರೀಮ್ಯಾಂಟಲ್ ಬಂದರಿನ ಕೂಲಿಯೊಬ್ಬರ ಮಗಳು. ಬಂದೂಕಿನಿಂದ ಮಾತು ಸರ್ಕಾರಿ ಆರೋಗ್ಯ ವಿಮೆಗೆ ಹೊರಳಿತು. ಅದು ಬೇಕೇ ಬೇಡವೇ ಎಂದು ಆಗ ಇಡೀ ದೇಶವೇ ಕಚ್ಚಾಡುತ್ತಿತ್ತು.

“ಇವತ್ತು ಪುಕ್ಕಟೆ ಔಷಧಿ ಕೊಡೋ ಸರ್ಕಾರ, ನಾಳೆ ಯಾವ ಡಾಕ್ಟರ ಹತ್ರ ಹೋಗ್ಬೇಕು ಅಂತಾನೂ ತಾನೇ ಹೇಳತ್ತೆ,” ಎಂದರು ಹ್ಯಾಂಕ್.

“ಹಾಗಾದ್ರೆ ಕಾಸಿಲ್ಲದವನು ಸಾಯ್ಲಿ ಅಂತೀಯಾ?” ಮೌರೀನ್ ಕಿರುಚಿದರು.

ನಾವಿಬ್ಬರೂ ಅವರಿಗೂ ತಲೆಯಾಡಿಸಿದೆವು, ಇವರಿಗೂ ತಲೆಯಾಡಿಸಿದೆವು. ಹಿರಿಯರ ಮಾತಿಗೆ ‘ಹೌದು’ ಎನ್ನುವುದನ್ನು ಕಲಿತೇ ಬೆಳೆದವರು ನಾವು.

“ಇನ್ನು ಇವರಿಬ್ರೂ ಜನ್ಮದಲ್ಲಿ ಮುಖ ನೋಡಲ್ಲ ಕಣೆ,” ಎಂದರು ಶ್ರೀಧರ್ ಕಾರಿನಲ್ಲಿ.

ನಮ್ಮ ಮನೆಯಲ್ಲಿ ಇಬ್ಬರಿಗೆ ಮಾತು ಮುರಿದರೆ ಅಜ್ಜಿ ಅವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ. ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರಿಗೆ ಎಲೆ. ದೀಪಾವಳಿಗೆ ನಾನೂ ಹಾಗೆಯೇ ಮಾಡಿದೆ. ಶನಿವಾರ ಹ್ಯಾಂಕ್‌ರನ್ನು ಕರೆದೆ, ಭಾನುವಾರ ಮೌರೀನ್‌ರನ್ನು. ಹೋಳಿಗೆ ಎರಡೆರಡು ಸಲ ಮಾಡಿ ಸೊಂಟ ಬಿದ್ದುಹೋದರೂ ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಸೋಮವಾರ ಹ್ಯಾಂಕ್ ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತರು. “ನಮ್ಮಿಬ್ಬರನ್ನೂ ಒಟ್ಟಿಗೆ ಯಾಕೆ ಕರೀಲಿಲ್ಲ?”

“ನೀವಿಬ್ರೂ ಅವತ್ತು ಜಗಳ ಆಡಿದ್ರಲ್ಲ, ಡಾಕ್ಟರ್...”

“ಜಗಳವಾ? ವಾದ ಮಾಡೋಕೇ ಅಲ್ವಾ ನಾನು ಅವಳನ್ನ ಕರೆಯೋದು! ಅವಳ ತಲೇಲಿ ಏನಿದೆ ಅಂತ ನಂಗೊತ್ತು. ನಿಮ್ಮ ತಲೇಲಿ ಏನಿದೆ ಅಂತ್ಲೇ ಗೊತ್ತಾಗಲ್ಲ. ನಂಗೂ ಹೌದು ಅಂತೀರಿ, ಅವಳಿಗೂ ಹೌದು ಅಂತೀರಿ. ಹೇಗೆ ನಂಬೋದು ನಿಮ್ಮನ್ನ?”

ಆಮೇಲೆ ಅವರ ಮನೆಯಿಂದ ಕರೆ ಬರಲಿಲ್ಲ. ನನಗೆ ಅವಮಾನಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಇದ್ದ ಒಂದು ಬಾಗಿಲನ್ನೂ ನಾನೇ ಕೈಯಾರೆ ಹಾಕಿಸಿದ್ದೆ.

ಕೊನೆಗೆ ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಕರೆದೆ. ಬಿಸಿಬೇಳೆಬಾತ್ ಬಡಿಸುವಷ್ಟರಲ್ಲಿ ಪುಕ್ಕಟೆ ಔಷಧಿಯ ಮಾತು ಮತ್ತೆ ಎದ್ದಿತು. ನಾನು ಸೌಟು ಕೆಳಗಿಟ್ಟೆ.

“ನೀವು ಹೇಳೋದು ತಪ್ಪು, ಹ್ಯಾಂಕ್. ನಾನು ಓದಿದ್ದು ಸರ್ಕಾರದ ಸ್ಕಾಲರ್‌ಶಿಪ್ಪಲ್ಲಿ. ಅದು ಇಲ್ದಿದ್ರೆ ನಿಮ್ಮ ವಾರ್ಡಲ್ಲಿ ನಾನಿರ್ತಿರ್ಲಿಲ್ಲ.”

ಶ್ರೀಧರ್ ಕೆಮ್ಮಿದರು.

“ಅಂತೂ ಬಾಯಿ ಬಿಟ್ರಿ!” ಹ್ಯಾಂಕ್ ಕುರ್ಚಿ ಮುಂದಕ್ಕೆಳೆದುಕೊಂಡರು. “ಈಗ ನಾನು ಹೇಳೋದು ಕೇಳಿ.”

ಹೇಳಿದರು, ಬಾತ್ ಎರಡನೆಯ ಸಲ ಬಡಿಸಿಕೊಂಡು. ಅವರ ತಾತನ ಊರಿನಲ್ಲಿ ಪೊಲೀಸರು ದೂರ, ಕಳ್ಳರು ಹತ್ತಿರ. ಸರ್ಕಾರದ ಹೆಸರಿನಲ್ಲಿ ಬಂದವನು ಏನಾದರೂ ಕಿತ್ತುಕೊಂಡೇ ಹೋಗುತ್ತಿದ್ದನಂತೆ. ನಮ್ಮವರು ಬೈದುಕೊಂಡೇ ಆದರೂ ಸರ್ಕಾರವೇ ತಾಯಿತಂದೆ ಎನ್ನುತ್ತಾರೆ. ಹ್ಯಾಂಕ್ ಅವರಿಗೆ ಅದು ಜಗಲಿ ದಾಟಿ ಒಳಗೆ ಬಿಟ್ಟುಕೊಳ್ಳಬಾರದ ಅತಿಥಿ. ಬಂದೂಕಿನ ಮಾತೂ ಅಲ್ಲಿಂದಲೇ ಬಂದದ್ದು. ನನಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಹೊರಡುವಾಗ ಅವರು, “ಶನಿವಾರ ಆರ್ವೋ ಬನ್ನಿ,” ಎಂದರು. ಆರ್ವೋ ಎಂದರೆ ಮಧ್ಯಾಹ್ನ.

ಕೆಲವು ವರ್ಷಗಳಾದ ಮೇಲೆ ಮೈಸೂರಿಗೆ ಹೋದೆ. ಹೆಣ್ಣುಮಗಳಾದ ನನ್ನನ್ನು ಮೆಡಿಕಲ್ ಓದಿಸಲೇಬೇಕು ಎಂದು ಮನೆಯವರೆದುರು ಹಟ ಹಿಡಿದು ನಿಂತವರು ದೊಡ್ಡಪ್ಪ. ಅವರೇ ಒಂದು ಸಂಜೆ, “ಎಲ್ರಿಗೂ ಪುಕ್ಕಟೆ ಕೊಟ್ಟೂ ಕೊಟ್ಟೂ ಈ ದೇಶ ಹಾಳಾಯ್ತಮ್ಮ,” ಎಂದರು.

ನನಗೆ ಹುರುಪೇ ಬಂತು. “ನೀವು ಹೇಳೋದು ತಪ್ಪು, ದೊಡ್ಡಪ್ಪ,” ಎಂದು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದು ಒಳಗೆ ಹೋದರು.

ರಾತ್ರಿ ಊಟಕ್ಕೆ ದೊಡ್ಡಮ್ಮ ನನ್ನ ಕೈ ಹಿಡಿದು ಅಡುಗೆಮನೆಯಲ್ಲೇ ನಿಲ್ಲಿಸಿಕೊಂಡರು. “ಅವರದ್ದು ಮೊದಲನೇ ಪಂಕ್ತೀಲಿ ಆಗ್ಲಿ. ನೀನು ಆಮೇಲೆ ನನ್ನ ಜೊತೆ ಕೂತ್ಕೊಳೇ.”

ಅದು ಪ್ರೀತಿಯೇ ಎಂದು ನನಗೆ ಗೊತ್ತು. ಹೋಳಿಗೆ ಎರಡೆರಡು ಸಲ ಮಾಡಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಕಣ್ಣು ತುಂಬಿತು. ನಡುಮನೆಯಿಂದ ದೊಡ್ಡಪ್ಪ ಒಂದು ಸಲ ಗದರಲಿ ಎಂದು ಕಾದೆ. ಅವರು ಮಜ್ಜಿಗೆ ಕೇಳಿದರು, ಕೈ ತೊಳೆಯಲು ಎದ್ದರು. ಪರ್ತ್‌ನಲ್ಲಿ ಮೈಸೂರನ್ನು ನೆನೆಯುವ ಹಾಗೆ, ಆಗ ನಾನು ಹ್ಯಾಂಕ್ ಅವರ ಹಿತ್ತಲನ್ನು ನೆನೆಯುತ್ತಿದ್ದೆ.