ಸತ್ತ ಉಪ್ಪಿನ ಸೀಸೆ

ವರ್ಜೀನಿಯದ ಆಲ್ಡಿ ಎಂಬ ಊರಿನ ನಮ್ಮ ಬೀದಿಯಲ್ಲಿ ಜಯಂತಿಯೊಡನೆ ವಾದಕ್ಕಿಳಿದು ಗೆದ್ದವರಿಲ್ಲ. ಹುಲ್ಲು ಕತ್ತರಿಸಲು ಬರುವವನಿರಲಿ, ಕನ್ನಡ ಕೂಟದ ಥ್ರೋಬಾಲ್ ಪಂದ್ಯದ ಅಂಪೈರ್ ಇರಲಿ, ತಪ್ಪು ಮಾಡಿ ಅವಳ ಕೈಗೆ ಸಿಕ್ಕಿದರೆ ಕಥೆ ಮುಗಿಯಿತು. "ಹೋಗಲಿ ಬಿಡು" ಎನ್ನುವುದು ಅವಳಿಗೆ ಬರುವುದೇ ಇಲ್ಲ. ಪಕ್ಕದ ಮನೆಯವಳಾದ ನಾನು ಈ ಹಟವನ್ನು ಬೇಕಾದಷ್ಟು ಬೈದಿದ್ದೇನೆ. ಒಂದು ಸಲ ಮಾತ್ರ ಅದೇ ಹಟಕ್ಕೆ ಕೈಮುಗಿಯುವಂತಾಯಿತು. ಅದನ್ನೇ ಹೇಳಹೊರಟಿದ್ದೇನೆ.

ಜಯಂತಿ ಪುತ್ತೂರಿನ ಕಡೆಯವಳು. ತಂದೆ ಬಸ್ ಕಂಡಕ್ಟರ್. ಎರಡನೇ ಪಿಯುಸಿಯಲ್ಲಿ ಫಿಸಿಕ್ಸ್ ಫೇಲ್ ಎಂದು ಬಂದಾಗ ಮನೆಯವರು ಹಣೆಬರಹ ಎಂದು ಸುಮ್ಮನಾದರಂತೆ. ಇವಳು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದಳು. ನೋಡಿದರೆ ಉತ್ತರಪತ್ರಿಕೆಯ ಕೊನೆಯ ಪುಟಗಳನ್ನು ಯಾರೂ ತಿದ್ದಿರಲೇ ಇಲ್ಲ! ಪಾಸಾಗಿ, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಐತಪ್ಪನನ್ನು ಮದುವೆಯಾಗಿ ವರ್ಜೀನಿಯಕ್ಕೆ ಬಂದಳು. ಐತಪ್ಪ ಕಂಪ್ಯೂಟರ್ ಕೆಲಸದವನು, ಮಾತು ಕಡಿಮೆ. ಆ ಮನೆಗೆ ಮಾತಾಡುವವರು ಒಬ್ಬರೇ ಸಾಕು.

ಗ್ರೀನ್ ಕಾರ್ಡ್ ಬಂದ ಮೇಲೆ ಅವಳಿಗೆ ಮೇರಿಲ್ಯಾಂಡಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವರು ಮಾಡುತ್ತಿದ್ದದ್ದು ಒಂದೇ ಒಂದು ಪೆಟ್ಟಿಗೆ, ಅಡುಗೆಮನೆಯ ಅಕ್ಕಿ ಡಬ್ಬಿಯಷ್ಟು ದೊಡ್ಡದು. ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದರೆ ನೀರಿನಲ್ಲಿ ಕರಗಿಸಿ, ಲೇಸರ್ ಬೆಳಕಿನಲ್ಲಿ ನೋಡಿ, ಇದರಲ್ಲಿ ಜೀವ ಇದೆ ಅಥವಾ ಇಲ್ಲ ಎಂದು ಹೇಳಬೇಕು. ಮಂಗಳ ಗ್ರಹದ ಮೇಲೆ ಒಣಗಿಹೋದ ಕೆರೆಗಳ ಉಪ್ಪು ಇದೆಯಂತೆ. ಎಂದಾದರೊಂದು ದಿನ ಈ ಪೆಟ್ಟಿಗೆ ಅಲ್ಲಿಗೆ ಹೋಗಲಿ ಎಂಬುದು ಅವರ ಆಸೆ. ಪೆಟ್ಟಿಗೆಯ ಕಣ್ಣು ಸರಿಯಾಗಿ ಕಾಣುವಂತೆ ನೋಡಿಕೊಳ್ಳುವುದು ಜಯಂತಿಯ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದಳು.

"ಕುದಿಯುವ ಬುಗ್ಗೆಯಲ್ಲಿ ಬದುಕುವ ಜೀವಿಗಳುಂಟು ಅಕ್ಕ, ಐಸಿನ ಅಡಿಯಲ್ಲಿ ಬದುಕುವವು ಉಂಟು. ಇಲ್ಲಿ ಅಷ್ಟು ಕಷ್ಟದಲ್ಲಿ ಬದುಕ್ತಾವೆ ಅಂದ್ರೆ ಅಲ್ಲಿ ಯಾಕೆ ಬದುಕ್ಬಾರ್ದು?" ಎಂದು ಸಂಜೆ ವಾಕಿಂಗಿನಲ್ಲಿ ನನ್ನ ತಲೆ ತಿನ್ನುತ್ತಿದ್ದಳು.

"ನಾನು ಹತ್ತು ವರ್ಷ ನಮ್ಮತ್ತೆ ಜೊತೆ ಬದುಕಿದೀನಿ ಕಣೆ, ನಾನೂ ಅದೇ ಜಾತಿ," ಎಂದು ನಾನು ನಗುತ್ತಿದ್ದೆ.

2023ರ ಬೇಸಿಗೆಯಲ್ಲಿ ಪೆಟ್ಟಿಗೆಗೆ ಪರೀಕ್ಷೆ ಬಂತು. ಹಣ ಕೊಡುವವರು ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಪ್ರಶ್ನೆಪತ್ರಿಕೆ ಮಾಡಲು ಹೇಳಿದರು. ಪ್ರಶ್ನೆಪತ್ರಿಕೆ ಎಂದರೆ ಉಪ್ಪು ತುಂಬಿದ ಪುಟ್ಟ ಗಾಜಿನ ಸೀಸೆಗಳು. ಕೆಲವುಗಳಲ್ಲಿ ಜೀವಾಣು ಬೆರೆಸಿರುತ್ತಾರೆ, ಕೆಲವುಗಳಲ್ಲಿ ಜೀವವಿಲ್ಲದ ಸತ್ತ ಉಪ್ಪು ಮಾತ್ರ ಇರುತ್ತದೆ. ಯಾವುದು ಯಾವುದೆಂದು ಸೀಸೆಯ ಮೇಲೆ ಬರೆದಿರುವುದಿಲ್ಲ. ಪೆಟ್ಟಿಗೆಯೇ ಹೇಳಬೇಕು. ಸರಿಯಾಗಿ ಹೇಳಿದರೆ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಪೆಟ್ಟಿಗೆ ಗುಜರಿಗೆ, ಜಯಂತಿ ಮನೆಗೆ.

ಪೆಟ್ಟಿಗೆ ಒಂದನ್ನು ಬಿಟ್ಟು ಎಲ್ಲ ಸೀಸೆಗಳನ್ನೂ ಸರಿಯಾಗಿ ಹೇಳಿತು. ತಪ್ಪಿದ ಆ ಒಂದು ಸೀಸೆಯಲ್ಲಿ ಇದ್ದದ್ದು ಸತ್ತ ಉಪ್ಪು. ಪೆಟ್ಟಿಗೆ ಅದರಲ್ಲಿ ಜೀವ ಇದೆ ಎಂದಿತು.

ಒಂದು ತಪ್ಪು ತಾನೇ ಎಂದು ನಾನು ಸಮಾಧಾನ ಹೇಳಹೋದೆ. ಅವಳು ನನ್ನನ್ನು ನುಂಗುವಂತೆ ನೋಡಿದಳು. ಇದ್ದ ಜೀವವನ್ನು ಕಾಣದಿದ್ದರೆ ಪೆಟ್ಟಿಗೆ ಕುರುಡು ಎನ್ನುತ್ತಾರೆ, ಕನ್ನಡಕ ಹಾಕಿಸಬಹುದು. ಇಲ್ಲದ ಜೀವವನ್ನು ಇದೆ ಎಂದರೆ ಸುಳ್ಳುಗಾರ ಎನ್ನುತ್ತಾರೆ. ಕೋಟಿಗಟ್ಟಲೆ ಮೈಲಿ ದೂರದಿಂದ ಸುಳ್ಳು ಹೇಳುವ ಪೆಟ್ಟಿಗೆ ಯಾರಿಗೆ ಬೇಕು?

ಅವಳ ಮೇಲಧಿಕಾರಿ ಹಾರ್ಪರ್ ಒಳ್ಳೆಯ ಮನುಷ್ಯ. ಸೋಲನ್ನು ಮರ್ಯಾದೆಯಿಂದ ಒಪ್ಪಿಕೊಳ್ಳೋಣ, ತಿಂಗಳ ಕೊನೆಗೆ ಬಾಗಿಲು ಹಾಕೋಣ ಎಂದ. ಮಿಕ್ಕವರು ಬೇರೆ ಕೆಲಸಕ್ಕೆ ಅಪ್ಲೈ ಮಾಡಲು ಶುರುಮಾಡಿದರು. ಐತಪ್ಪ ಕೂಡ ಅಪರೂಪಕ್ಕೆ ಬಾಯಿ ತೆರೆದು, "ಸಾಕು ಮಾರಾಯ್ತಿ, ಎಷ್ಟೂಂತ ಗುದ್ದಾಡ್ತಿ?" ಎಂದ.

ಜಯಂತಿ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ತೊಳೆದಳು. ಶುದ್ಧ ನೀರು ಹಾಕಿದಳು. ಪೆಟ್ಟಿಗೆ ಜೀವ ಇಲ್ಲ ಎಂದಿತು. ಕೆಂಡದಂತೆ ಕಾಯಿಸಿದ ಉಪ್ಪು ಹಾಕಿದಳು. ಇಲ್ಲ ಎಂದಿತು. ಆ ಸೀಸೆಯಲ್ಲಿ ಉಳಿದಿದ್ದ ಚೂರುಪಾರು ಉಪ್ಪನ್ನು ಹಾಕಿದಳು. ಇದೆ ಎಂದಿತು. ಮತ್ತೆ ತೊಳೆದು ಮತ್ತೆ ಹಾಕಿದಳು. ಮತ್ತೆ ಇದೆ ಎಂದಿತು.

ಸೀಸೆ ತೆರೆದಾಗ ನಮ್ಮಲ್ಲೇ ಏನೋ ಬಿದ್ದಿರಬೇಕು ಎಂದ ಹಾರ್ಪರ್. ಹಾಗಾದರೆ ಅಟ್ಲಾಂಟಾದವರ ಬಳಿ ಉಳಿದಿರುವ ಅದೇ ಉಪ್ಪನ್ನು ನೋಡೋಣ ಎಂದಳು ಇವಳು. ಅಲ್ಲಿಗೆ ಮೇಲ್ ಬರೆದಳು. ಫಲಿತಾಂಶ ಅಂತಿಮ ಎಂದು ಉತ್ತರ ಬಂತು.

"ಅಂತಿಮ ಅಂತೆ! ಪಿಯುಸಿ ಬೋರ್ಡಿನವರು ಸಹ ಹಾಗೇ ಹೇಳಿದ್ದು," ಎಂದಳು ನನ್ನ ಅಡುಗೆಮನೆಯಲ್ಲಿ ನಿಂತು. "ನಾನು ಅಟ್ಲಾಂಟಾಕ್ಕೆ ಹೋಗ್ತೇನೆ ಅಕ್ಕ. ಬಾಗಿಲು ತಟ್ಟಿದವಳನ್ನು ಓಡಿಸ್ಲಿಕ್ಕೆ ಆಗ್ತದಾ ನೋಡುವ."

ನನ್ನ ಮಗಳು ಮಾನ್ಯಾ ಇರುವುದು ಅಟ್ಲಾಂಟಾದ ಪಕ್ಕದ ಅಲ್ಫರೆಟಾದಲ್ಲಿ. ಅವಳನ್ನು ನೋಡುವ ನೆಪದಲ್ಲಿ ನಾನೂ ಹೊರಟೆ. ನಿಜ ಹೇಳಬೇಕೆಂದರೆ ಜಯಂತಿ ಅಲ್ಲಿ ಯಾರ ಜೊತೆ ಜಗಳ ತೆಗೆಯುತ್ತಾಳೋ ಎಂಬ ದಿಗಿಲು ನನಗೆ. ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವಳ ಕಾರಿನಲ್ಲಿ ಕೂತೆ. ಉತ್ತರ, ದಕ್ಷಿಣ ಎರಡೂ ಕ್ಯಾರೊಲೈನಾ ರಾಜ್ಯಗಳನ್ನು ದಾಟುವವರೆಗೂ ಅವಳು ಲೇನ್ ಬದಲಿಸಲಿಲ್ಲ, ವಿಷಯವನ್ನೂ ಬದಲಿಸಲಿಲ್ಲ. ದಾರಿಯಲ್ಲಿ ಪೀಚ್ ಹಣ್ಣಿನ ಆಕಾರದ ಒಂದು ದೊಡ್ಡ ನೀರಿನ ಟ್ಯಾಂಕ್ ಬಂದಾಗ ನೋಡೇ ಎಂದೆ. ಅವಳು ನೋಡಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ವಿಟೇಕರ್ ಬಾಗಿಲಲ್ಲಿ ನಮ್ಮನ್ನು ಕಂಡು ಬೆಚ್ಚಿದರು. ಆದರೆ ದೂರದಿಂದ ಬಂದ ಇಬ್ಬರು ಹೆಂಗಸರನ್ನು ನಿಲ್ಲಿಸಿ ಕಳಿಸುವ ಪೈಕಿ ಅಲ್ಲ ಆಕೆ. ಕಾಫಿ ಕೊಟ್ಟು, ಸೀಸೆಗಳನ್ನು ತುಂಬಿದ ಸಂಶೋಧಕನನ್ನು ಕರೆಸಿದರು. ಬಂದವನು ಶಶಾಂಕ್, ನಮ್ಮ ಬೆಂಗಳೂರಿನ ಬಸವನಗುಡಿಯವನು! ನನ್ನ ಎದೆಯ ಭಾರ ಅರ್ಧ ಇಳಿಯಿತು. ಜಯಂತಿ ಮಾತ್ರ ಊರು ಕೇರಿ ಏನೂ ಕೇಳದೆ ನೇರವಾಗಿ ವಿಷಯಕ್ಕೆ ಬಂದಳು.

"ಆ ಸತ್ತ ಉಪ್ಪು ಎಲ್ಲಿಯದ್ದು?"

ಶಶಾಂಕ್ ತಲೆ ಕೆರೆದುಕೊಂಡ. "ಆಂಟಿ, ಲ್ಯಾಬ್ ಸಾಲ್ಟ್ ತುಂಬಾ ಫೈನ್ ಇರತ್ತೆ. ಜೀವಾಣು ಬೆರೆಸಿದ ಸೀಸೆಗಳಲ್ಲಿ ಇದ್ದಿದ್ದು ದಪ್ಪ ಹರಳು. ಸತ್ತವೆಲ್ಲ ಪುಡಿ ಆದ್ರೆ ನೋಡಿದ ತಕ್ಷಣ ನಿಮ್ಮೋರು ಗೆಸ್ ಮಾಡಿಬಿಡ್ತಾರೆ ಅಂತ, ಸತ್ತವುಗಳಲ್ಲಿ ಒಂದಕ್ಕೆ ಮಾತ್ರ ಇಲ್ಲೇ ಇಂಡಿಯನ್ ಸ್ಟೋರಿಂದ ಕಲ್ಲುಪ್ಪು ತಂದು ಹಾಕ್ದೆ. ಉಪ್ಪಿನಕಾಯಿಗೆ ಹಾಕ್ತೀವಲ್ಲ, ಅದೇ. ಕ್ಲೀನಾಗೇ ಮಾಡಿದೀನಿ. ಬ್ಲೀಚಲ್ಲಿ ತೊಳೆದು ಯುವಿ ಲೈಟಲ್ಲಿ ಇಟ್ಟಿದ್ದೆ. ಆಮೇಲೆ ಮೂರು ದಿನ ಟೆಸ್ಟ್ ಮಾಡ್ದೆ, ಏನೂ ಬೆಳೀಲಿಲ್ಲ."

"ಓವನಲ್ಲಿ ಕಾಯಿಸ್ಲಿಲ್ವಾ?"

"ಟ್ರೈ ಮಾಡ್ದೆ ಆಂಟಿ. ಚಟಪಟ ಅಂತ ಸಿಡಿದು ಹರಳೆಲ್ಲ ಪುಡಿ ಆಗ್ತಿತ್ತು. ಅದಕ್ಕೇ ಬಿಟ್ಟೆ."

ನಾನು ಸುಮ್ಮನಿರಲಾರದೆ ಬಾಯಿ ಹಾಕಿದೆ. "ದೃಷ್ಟಿ ತೆಗೆದು ಒಲೆಗೆ ಹಾಕಿದ್ರೆ ಸಿಡಿಯತ್ತಲ್ಲಪ್ಪ, ಹಾಗಾ?"

"ಹೂಂ ಆಂಟಿ, ಎಗ್ಸಾಕ್ಟ್ಲಿ ಹಾಗೇ."

"ಮತ್ತೆ? ಯಾರದೋ ಕಣ್ಣು ಬಿದ್ದಿದೆ ನಿಮ್ಮ ಪೆಟ್ಟಿಗೆ ಮೇಲೆ," ಎಂದೆ ನಾನು ಜಯಂತಿಗೆ. ತಮಾಷೆ ಅರ್ಧ, ನಂಬಿಕೆ ಅರ್ಧ.

ಜಯಂತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಕಣ್ಣು ಅಲ್ಲ ಅಕ್ಕ, ನೀರು! ಹರಳಿನ ಒಳಗೆ ನೀರು ಸಿಕ್ಕಿಹಾಕಿಕೊಂಡುಂಟು. ಕಾಯಿಸುವಾಗ ಅದು ಒಡೆದು ಹೊರಗೆ ಬರ್ಲಿಕ್ಕೆ ನೋಡ್ತದೆ. ನೀನು ತೊಳೆದದ್ದು ಹೊರಗಿನದ್ದು ಶಶಾಂಕ್. ಒಳಗಿನ ನೀರನ್ನು ಯಾರು ತೊಳೆದದ್ದು?"

ಶಶಾಂಕ್ ಇಂಗ್ಲಿಷಿನಲ್ಲಿ ಪ್ರೊಫೆಸರಿಗೆ ವಿವರಿಸುತ್ತ ಹೋದಂತೆ ಅವನ ಮುಖ ಕೆಂಪಾಯಿತು, ಅವರ ಮುಖ ಅರಳಿತು. ಸಮುದ್ರದ ನೀರು ಬಿಸಿಲಿಗೆ ಒಣಗಿ ಹರಳಾಗುವಾಗ ಚೂರು ನೀರು ಒಳಗೇ ಉಳಿಯುತ್ತದೆ, ಅದರೊಡನೆ ಉಪ್ಪನ್ನೇ ನೆಚ್ಚಿದ ಜೀವಾಣುಗಳೂ ಉಳಿಯಬಹುದು. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಂಗಡಿಯಿಂದ ತಂದ ಪೊಟ್ಟಣದ ವಿಷಯದಲ್ಲಿ ಹೊಳೆದಿರಲಿಲ್ಲ, ಅಷ್ಟೆ. ಅಂಥವು ಬೆಳೆಯುವುದು ಬಹಳ ನಿಧಾನ, ಮೂರು ದಿನಕ್ಕೆ ಕಣ್ಣಿಗೆ ಕಾಣುವುದಿಲ್ಲ ಎಂದೂ ಅವರೇ ಹೇಳಿದರು. ಎದ್ದುಹೋಗಿ ಆ ಕಲ್ಲುಪ್ಪಿನ ಪೊಟ್ಟಣವನ್ನು ತಂದರು.

ಒಂದು ಹರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮೊದಲು ತಾವು ನೋಡಿದರು, ಆಮೇಲೆ ಜಯಂತಿ, ಕೊನೆಗೆ ನಾನು. ಗಾಜಿನಂಥ ಹರಳಿನ ಒಳಗೆ ಚೌಕನೆಯ ಪುಟ್ಟ ಪುಟ್ಟ ಕೋಣೆಗಳು. ಒಂದು ಕೋಣೆಯ ನೀರಿನಲ್ಲಿ ಕಡ್ಡಿಯಂಥ ಚುಕ್ಕಿಗಳು. ಸಂಬಾರಿಗೆ ಇಷ್ಟು ವರ್ಷ ನಾನು ಹಾಕಿದ್ದು ಇವನ್ನೇ ಏನು ಎಂದು ಮೈ ಜುಮ್ಮೆಂದಿತು.

ಆದರೆ ಚುಕ್ಕಿ ಕಂಡರೆ ಸಾಲದು, ಅವು ಬದುಕಿವೆ ಎಂದು ತೋರಿಸಬೇಕು. ಶಶಾಂಕ್ ಅದೇ ಪೊಟ್ಟಣದ ಬೇರೆ ಹರಳುಗಳ ಮೈಯನ್ನು ಶುದ್ಧಮಾಡಿ, ಅವನ್ನು ಶುದ್ಧ ಉಪ್ಪುನೀರಿನಲ್ಲಿ ಕರಗಿಸಿ, ಆಹಾರ ಹಾಕಿ, ಬೆಚ್ಚಗಿಟ್ಟ. ಪಕ್ಕದ ಸೀಸೆಯಲ್ಲಿ ಕೆಂಡದಂತೆ ಕಾಯಿಸಿದ ಉಪ್ಪನ್ನು ಅದೇ ರೀತಿ ಕರಗಿಸಿಟ್ಟ. ಜೀವಾಣುಗಳು ಬೆಳೆದರೆ ನೀರು ಬಣ್ಣ ತಿರುಗುತ್ತದಂತೆ. ಇನ್ನು ಕಾಯುವುದೊಂದೇ ಕೆಲಸ. ಪ್ರೊಫೆಸರ್ ತಾವೇ ಹಾರ್ಪರಿಗೆ ಫೋನ್ ಮಾಡಿ, ಬಾಗಿಲು ಹಾಕುವುದನ್ನು ಸ್ವಲ್ಪ ತಡೆಯಿರಿ ಎಂದರು.

ಕಾಯುವ ಆ ವಾರಗಳಲ್ಲಿ ಜಯಂತಿಯನ್ನು ನೋಡಲಾಗುತ್ತಿರಲಿಲ್ಲ. ವಾದವಿಲ್ಲ, ಜಗಳವಿಲ್ಲ. ಥ್ರೋಬಾಲ್ ಅಂಪೈರ್ ತಪ್ಪು ಕೊಟ್ಟರೂ ಸುಮ್ಮನೆ ಅಂಕಣ ಬಿಟ್ಟು ಬಂದಳು. ನನಗೆ ಹೆದರಿಕೆಯೇ ಆಯಿತು. ಸತ್ಯವಾಗಿ ಹೇಳುತ್ತೇನೆ, ಆ ದಿನಗಳಲ್ಲಿ ನಾನು ದೇವರ ಮುಂದೆ ದೀಪ ಹಚ್ಚಿ ಬೇಡಿಕೊಂಡದ್ದು ಒಂದು ಸೀಸೆ ನೀರು ಬಣ್ಣ ತಿರುಗಲಿ ಎಂದು. ದೇವರಿಗೂ ಇಂಥ ಹರಕೆ ಹೊಸದಾಗಿರಬೇಕು.

ಒಂದು ಶುಕ್ರವಾರ ಸಂಜೆ ಅವಳ ಮನೆಯಲ್ಲಿ ನೀರುದೋಸೆ ತಿನ್ನುತ್ತ ಕೂತಿದ್ದಾಗ ವಿಡಿಯೊ ಕಾಲ್ ಬಂತು. ಪರದೆಯ ಮೇಲೆ ಪ್ರೊಫೆಸರ್, ಅವರ ಪಕ್ಕದಲ್ಲಿ ಶಶಾಂಕ್, ಇನ್ನೊಂದು ಚೌಕದಲ್ಲಿ ಹಾರ್ಪರ್. ಶಶಾಂಕ್ ಎರಡು ಸೀಸೆಗಳನ್ನು ಎತ್ತಿ ಹಿಡಿದ. ಕಾಯಿಸಿದ ಉಪ್ಪಿನದು ತಿಳಿನೀರಿನಂತಿತ್ತು. ಕಲ್ಲುಪ್ಪಿನದು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಬದುಕಿವೆ ಆಂಟಿ! ಎಲ್ಲಾ ಬದುಕಿವೆ!" ಎಂದು ಕೂಗಿದ ಶಶಾಂಕ್.

ಬಾಯಿ ಸತ್ತವನೆಂದು ನಾನು ತಿಳಿದಿದ್ದ ಐತಪ್ಪ ಕುರ್ಚಿಯಿಂದ ಎದ್ದು ಎಂಥ ಕೇಕೆ ಹಾಕಿದನೆಂದರೆ ನನ್ನ ತಟ್ಟೆ ನೆಲಕ್ಕೆ ಬಿತ್ತು. ಜಯಂತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಪ್ರೊಫೆಸರ್ ಗುಲಾಬಿ ಸೀಸೆಯನ್ನು ಕೈಗೆ ತೆಗೆದುಕೊಂಡರು. ತಪ್ಪು ನಮ್ಮದು, ಪೆಟ್ಟಿಗೆ ಹೇಳಿದ ಉತ್ತರವೆಲ್ಲ ಸರಿ, ಫಲಿತಾಂಶವನ್ನು ಇವತ್ತೇ ತಿದ್ದಿ ಹಣ ಕೊಡುವವರಿಗೆ ಕಳಿಸುತ್ತಿದ್ದೇನೆ ಎಂದರು. ಹಾರ್ಪರ್ ಚಪ್ಪಾಳೆ ತಟ್ಟುತ್ತ, ಹಾಗಾದರೆ ನಾವು ಪಾಸ್, ಬಿಟ್ಟುಹೋದವರನ್ನೂ ವಾಪಸ್ ಕರೆಸುತ್ತೇನೆ ಎಂದ.

ಜಯಂತಿ ಸೆರಗಿಲ್ಲದ ಟೀಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಪಾಸ್ ಎಂದರೆ ಸಾಲದು ಎಂದು ಇಂಗ್ಲಿಷಿನಲ್ಲಿ ಅವರಿಗೆ ಹೇಳಿ, ಐತಪ್ಪನಿಗೂ ನನಗೂ ಕನ್ನಡದಲ್ಲಿ ಹೇಳಿದಳು.

"ಉಳಿದ ಸೀಸೆಗಳಲ್ಲಿ ಜೀವ ಇಟ್ಟದ್ದು ಇವರು, ಎಲ್ಲಿ ಇಟ್ಟದ್ದು ಅಂತ ನಮ್ಮ ಪೆಟ್ಟಿಗೆ ಹೇಳಿತು, ಅಷ್ಟೇ. ಅದು ಬರೀ ಪರೀಕ್ಷೆ. ಈ ಸೀಸೆಯಲ್ಲಿ ಯಾರೂ ಇಟ್ಟದ್ದಲ್ಲ. ಇಲ್ಲಿ ಜೀವ ಉಂಟು ಅಂತ ಭೂಮಿ ಮೇಲೆ ಒಬ್ಬರಿಗೂ ಗೊತ್ತಿರ್ಲಿಲ್ಲ. ಇದನ್ನು ಪೆಟ್ಟಿಗೆಯೇ ಹುಡುಕಿದ್ದು ಅಕ್ಕ."